ನೀರು ತುಂಬಬಾರದ ಹಿತ್ತಾಳೆ

"ಅದಕ್ಕೆ ನೀರು ಮಾತ್ರ ಹಾಕ್ಬೇಡ ಮಾರಾಯ," ಎಂದು ಮಂಗಳೂರು ಮೂಲದ ಮನೆಯೊಡತಿ ಟ್ರೀಸಾ ಮೂರನೆಯ ಸಲ ಹೇಳಿದಾಗ ಶಶಿಧರನಿಗೆ ನಗು ತಡೆಯಲಾಗಲಿಲ್ಲ.

ಲಂಡನ್ ಪಕ್ಕದ ಫೆಲ್ಥಮ್‌ನ ಆ ಮನೆಯ ಮಹಡಿಗೆ ಅವನು ಬಾಡಿಗೆಗೆ ಬಂದು ತಿಂಗಳಾಗಿತ್ತು; ಹೆಂಡತಿ ಅಂಕಿತಾ ಧಾರವಾಡದಿಂದ ಬಂದು ವಾರ. ಮೆಟ್ಟಿಲ ಕೆಳಗೆ ಮೊಣಕಾಲೆತ್ತರದ ಹಿತ್ತಾಳೆಯ ಕೊಳವೆಯೊಂದು ಬೋರಲಾಗಿ ನಿಂತಿತ್ತು. ಫಿರಂಗಿ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರ ಸರಕು ಹಡಗೊಂದನ್ನು ಕಿತ್ತುಕೊಂಡು, ಹೆಸರು ಬದಲಿಸಿ, ಹಿಂಬದಿಗೆ ಫಿರಂಗಿ ಕೂರಿಸಿದ್ದರಂತೆ. ಇಳಿದುಹೋಗುವ ಮುನ್ನ ಹಳೆಯ ಕಪ್ತಾನ ಅಂಗೈ ಕೊಯ್ದುಕೊಂಡು, ಫಿರಂಗಿಗೆ ರಕ್ತ ಬಳಿದು ಶಪಿಸಿದ: ಇದು ಖಾಲಿ ಮಾಡಿದ್ದನ್ನೆಲ್ಲ ಸಮುದ್ರ ತುಂಬಲಿ. ತಿಂಗಳೊಳಗೆ ಜರ್ಮನರ ಟಾರ್ಪಿಡೋವೇ ಅದನ್ನು ಮುಳುಗಿಸಿತು. ಹಡಗಿನಲ್ಲಿ ಅಡುಗೆಯವನಾಗಿದ್ದ ಟ್ರೀಸಾರ ಅಜ್ಜ ಆ ಫಿರಂಗಿ ಹಾರಿಸಿ ಖಾಲಿ ಮಾಡಿದ ಈ ಕವಚದಿಂದಲೇ ದೋಣಿಯ ನೀರು ಮೊಗೆದು ಚೆಲ್ಲುತ್ತ ಬದುಕಿ ಬಂದ. ದೋಣಿಯಲ್ಲಿದ್ದ ಉಳಿದ ಹನ್ನೊಂದು ಜನ ಬರಲಿಲ್ಲ.

"ನೂರು ವರ್ಷದ ಹಿಂದಿನ ಕಪ್ತಾನ ಬಸ್ ಹತ್ತಿ ಫೆಲ್ಥಮ್‌ಗೆ ಬರ್ತಾನೇನ್ರಿ ಆಂಟಿ?" ಎಂದ ಶಶಿಧರ.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ಮನೆಯಲ್ಲಿ ಹಂಡೆಯಿಲ್ಲ, ಕೊಡವಿಲ್ಲ. ಅವ್ವ ಫೋನಿನಲ್ಲಿ ಬೈದಳು. ಟ್ರೀಸಾ ಇಗರ್ಜಿಗೆ ಹೋಗಿದ್ದರು. ಶಶಿಧರ ಕವಚವನ್ನು ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ನಲ್ಲಿಗೆ ಹಿಡಿದು ತುಂಬಿದ. ಹಿತ್ತಾಳೆಗೇನು ಗೊತ್ತು ಯುದ್ಧ, ಎಂದು ತನಗೆ ತಾನೇ ನಕ್ಕ.

ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಕೂತ ಅಂಕಿತಾಳ ತಲೆಯ ಮೇಲೆ ಅದರಿಂದಲೇ ಮೊದಲ ಚೊಂಬು ಸುರಿದ. ಸುಟ್ಟ ಮದ್ದಿನ ವಾಸನೆ. ಕೊಳೆತ ಪಾಚಿಯ ವಾಸನೆ. ಅವಳು ಕೆಮ್ಮಿದಳು. ಬಾಯಿಂದ ನೀರು ಬಂತು. ಮೂಗಿನಿಂದಲೂ ಬಂತು. ಉಪ್ಪುನೀರು. ನಿಲ್ಲಲಿಲ್ಲ. ತುಟಿ ನೀಲಿಗಟ್ಟಿತು.

ಕೂಗು ಕೇಳಿ ಮೇಲೆ ಓಡಿಬಂದ ಟ್ರೀಸಾ ಕವಚ ನೋಡಿ ಬಾಗಿಲಿಂದಲೇ ಚೀರಿದರು. "ಚೆಲ್ಲು! ಮೊದಲು ಅದನ್ನು ಚೆಲ್ಲು!"

ಚೆಲ್ಲಿದ. ಅಂಕಿತಾ ಉಸಿರೆಳೆದಳು. ಅವನ ಕಣ್ಣೆದುರೇ ಕವಚದ ತಳದಲ್ಲಿ ಕಪ್ಪು ನೀರು ಮತ್ತೆ ಏರತೊಡಗಿತು. ಅಂಚು ಮುಟ್ಟಿತು. ಅವಳ ಉಸಿರು ನಿಂತಿತು. ಚೆಲ್ಲಿದ. ಬಂತು.

ಬೋರಲು ಹಾಕಿದ, ಅಡಿಯಿಂದ ಉಕ್ಕಿತು. ಟ್ರೀಸಾ ಎತ್ತಲು ನೋಡಿದರು, ಅಲುಗಲಿಲ್ಲ. ನೀರು ತುಂಬಿದವನ ಕೈಗೆ ಮಾತ್ರ ಅದು ಏಳುತ್ತಿತ್ತು. ಆಂಬ್ಯುಲೆನ್ಸ್‌ನವರು ಬಂದು ಅಂಕಿತಾಳ ಎದೆ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಹೋದರು.

"ಎಷ್ಟು ದಿನ ಹಿಂಗ ಚೆಲ್ಲಬೇಕ್ರಿ ಆಂಟಿ?"

ಟ್ರೀಸಾ ಶಿಲುಬೆಯ ಗುರುತು ಮಾಡಿಕೊಂಡರು. "ಅಜ್ಜ ಮೂರು ದಿನ ಚೆಲ್ಲಿದ್ದು. ಆಮೇಲೆ ಅವರಿಗೆ ನಿದ್ದೆ ಬಂತು ಮಗಾ."

ಇವತ್ತು ಮೂರನೆಯ ದಿನ. ಶಶಿಧರನಿಗೆ ಹೆದರಿಕೆಯಿಲ್ಲ, ಅಳುವಿಲ್ಲ. ಕೈ ಎತ್ತುತ್ತದೆ, ಚೆಲ್ಲುತ್ತದೆ. ಹೊರಗೆ ವಿಮಾನಗಳು ಇಳಿಯುತ್ತವೆ. ಗೋಡೆಗೊರಗಿ ಕೂತ ಅಂಕಿತಾ ಆಗಾಗ ಕೇಳುತ್ತಾಳೆ, "ರೀ, ನಿದ್ದಿ ಬಂತೇನ್ರಿ?"

"ಇಲ್ಲ," ಎನ್ನುತ್ತಾನೆ.

ಮತ್ತೆ ಕೇಳಿದಳು. ಇಲ್ಲ ಎಂದು ಉತ್ತರಿಸಿದೆ ಅಂದುಕೊಂಡ.

ಕಣ್ಣು ತೆರೆದಾಗ ಕವಚ ತುಂಬಿ ಹರಿಯುತ್ತಿತ್ತು. ಅಂಕಿತಾ ಏನೂ ಕೇಳುತ್ತಿರಲಿಲ್ಲ. ಅವನ ಕೈ ಕವಚವನ್ನೆತ್ತಿ ಚೆಲ್ಲಿತು, ಮತ್ತೆ ಎತ್ತಿತು.