ಹಸಿ ವಾರ್ನಿಶಿನ ಕರಿ ಟ್ರೇ

ಹೊಳಪು ಬರಲಿ ಅಂತ ಹುಣಸೆಹಣ್ಣು ಹಚ್ಚಿ, ನಾರು ಹಿಡಿದು ತಿಕ್ಕಿಬಿಟ್ಟಿದ್ದಳು ಅಂಬ್ರೀನ್, ಪುಣ್ಯಾತ್ಗಿತ್ತಿ! ಹಿತ್ತಾಳೆಯಾಗಿದ್ದರೆ ಫಳಫಳ ಅನ್ನುತ್ತಿತ್ತು. ಆದರೆ ಅದು ಅವಳ ಅಜ್ಜಿಯ, ಅಂದರೆ ನಾನಿಯ, ತಾಯಿ ತನ್ನ ಮದುವೆಯಲ್ಲಿ ತಂದಿದ್ದ, ಕಪ್ಪು ಅರಗಿನ ಮೆರುಗಿನ ಹಳೇ ಟ್ರೇ. ಅಂಚಿನ ಚಿನ್ನದ ಬಳ್ಳಿ ಅರ್ಧಕ್ಕರ್ಧ ಹುಣಸೆ ನೀರಿನ ಜೊತೆ ಮೋರಿ ಸೇರಿತ್ತು.

ಟ್ರೇಯನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡು ಅವಳು ಓಡಿದ್ದು ಶಿರಾ ಬಸ್ ಸ್ಟ್ಯಾಂಡ್ ಹಿಂದೆ ಬೋರ್ಡು ಬರೆಯುವ ಮುಜೀಬನ ಅಂಗಡಿಗೆ.

"ಇದೇನು ಚೊಂಬು ಅಂದ್ಕೊಂಡ್ಯಾ?" ಮುಜೀಬ್ ನಕ್ಕ. ನಕ್ಕರೆ ಅವನ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಅಂಬ್ರೀನ್ ಅದನ್ನು ನೋಡಬಾರದು ಅಂದುಕೊಂಡೇ ನೋಡಿದಳು.

"ನಗ್ಬೇಡಿ ಮುಜೀಬ್ ಭಾಯ್. ಭಾನುವಾರದೊಳಗೆ ಸರಿ ಮಾಡ್ಕೊಡಿ. ಮಧುಗಿರಿಯಿಂದ ನನ್ನ ನೋಡಕ್ಕೆ ಬರ್ತಾರೆ."

ಕಡಲೆಕಾಯಿ ಮಂಡಿಯ ಬೋರ್ಡಿನ ಮೇಲೆ ಅವನ ಬ್ರಷ್ಷು ಸರಕ್ಕನೆ ಜಾರಿತು.

ಮನೆಯ ಪದ್ಧತಿಯನ್ನೂ ಅವಳೇ ಹೇಳಿದಳು. ಅವರ ಮನೆಯಲ್ಲಿ ಹುಡುಗಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ. ಹುಡುಗ ಒಪ್ಪಿಗೆಯಾದರೆ ಕರಿ ಟ್ರೇಯಲ್ಲಿ ಚಹಾ ತರುತ್ತಾಳೆ, ಇಲ್ಲವಾದರೆ ಸ್ಟೀಲ್ ಟ್ರೇಯಲ್ಲಿ. ಬಂದವರಿಗೆ ಇದು ಗೊತ್ತಾಗುವುದಿಲ್ಲ, ಮನೆಯವರಿಗೆ ಮಾತ್ರ ಗೊತ್ತು.

"ಅಂದ್ರೆ ಇದು ರೆಡಿಯಾಗ್ದಿದ್ರೆ ನೀನು ಹೂಂ ಅನ್ನಂಗಿಲ್ಲ?"

"ಯಾಕೆ, ಬೇಕಂತ ತಡ ಮಾಡ್ತೀರಾ?" ಎಂದು ಕೆಣಕಿದಳು. ಅವನು ಹೂಂ ಅಂದುಬಿಡಲಿ ಅಂತ ಅವಳ ಜೀವ ಬಡಿದುಕೊಳ್ಳುತ್ತಿತ್ತು.

"ಛೇ, ನಿಮ್ಮ ನಾನಿ ವಸ್ತು ಇದು. ಹೇಳಿದ ಟೈಮಿಗೆ ಕೊಡ್ತೀನಿ ಬುಡು."

ಎಂಥಾ ಪೆದ್ದು ಮನುಷ್ಯ! ಅಂಬ್ರೀನಳಿಗೆ ಮೈಯೆಲ್ಲ ಉರಿಯಿತು.

ಆದರೂ ದಿನಾ ಹೋದಳು. ಬಣ್ಣ ಒಣಗಿದೆಯಾ ನೋಡುವ ನೆಪ. ಅವನು ಉಸಿರು ಬಿಗಿಹಿಡಿದು ಒಂದೊಂದೇ ಎಲೆ ಬರೆಯುತ್ತಿದ್ದ. ತಲೆ ಎತ್ತಿದರೆ ಇವಳ ಕಣ್ಣು, ಮತ್ತೆ ಪಟ್ಟನೆ ಎಲೆ. ಶನಿವಾರ ಅವಳು ಬಗ್ಗಿ ನೋಡಿದಳು.

"ಹಳೇ ಬಳ್ಳೀಲಿ ಈ ಮೊಗ್ಗು ಇರ್ಲಿಲ್ಲ."

ಅವನ ಕಿವಿ ಕೆಂಪಾಯಿತು. "ಯಾರಿಗೂ ಕಾಣಲ್ಲ ಬುಡು."

"ನನಗೆ ಕಾಣ್ತಲ್ಲ."

ಭಾನುವಾರ ಸಂಜೆ ನಾಲ್ಕಕ್ಕೆ ಮಧುಗಿರಿಯವರು ಬಂದು ಕೂತರು. ಅದೇ ಹೊತ್ತಿಗೆ ಹಿತ್ತಲ ಬಾಗಿಲಲ್ಲಿ ಮುಜೀಬ್ ಏದುಸಿರು ಬಿಡುತ್ತಾ ನಿಂತಿದ್ದ. ಕೈಯಲ್ಲಿ ಟ್ರೇ ಕನ್ನಡಿಯ ಹಾಗೆ ಮಿನುಗುತ್ತಿತ್ತು.

"ವಾರ್ನಿಶ್ ಇನ್ನೂ ಹಸಿ ಐತೆ. ಬಿಸಿ ಕಪ್ ಇಕ್ಬೇಡ, ಗುರುತು ಬೀಳ್ತೈತೆ. ಹೂಂ ಅನ್ನೋದಾದ್ರೆ... ತಣ್ಣಗೆ ಶರಬತ್ತು ಕೊಡು." ಅಷ್ಟು ಹೇಳಿ ಟ್ರೇಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟ.

ಅಂಬ್ರೀನ್ ಕುದಿಯುವ ಚಹಾ ಬಗ್ಗಿಸಿ, ಕಪ್ಪುಗಳನ್ನು ಸ್ಟೀಲ್ ಟ್ರೇಯಲ್ಲಿ ಜೋಡಿಸಿಕೊಂಡು ನೆಟ್ಟಗೆ ಹಾಲಿಗೆ ನಡೆದಳು. ಅಪ್ಪ ಅಕ್ಬರ್ ಸಾಹೇಬರಿಗೆ ಕೆಮ್ಮು ಬಂತು. ನಾನಿ ಅಫ್ಜಲುನ್ನೀಸಾ ಟ್ರೇ ನೋಡಿದರು, ಮೊಮ್ಮಗಳ ಮುಖ ನೋಡಿದರು.

ಅವಳು ವಾಪಸ್ ಬಂದಾಗ ಮುಜೀಬ್ ಚಪ್ಪಲಿ ಮೆಟ್ಟುತ್ತಿದ್ದ.

"ಮುಜೀಬ್, ನಿಲ್ಲಿ."

ಭಾಯ್ ಅನ್ನಲಿಲ್ಲ! ಅವನು ಗಕ್ಕನೆ ತಿರುಗಿದ. ಅಂಬ್ರೀನ್ ಹೊಗೆಯಾಡುವ ಒಂದೇ ಒಂದು ಕಪ್ಪನ್ನು ಕರಿ ಟ್ರೇಯ ಮೇಲೆ, ಸರಿಯಾಗಿ ಆ ಮೊಗ್ಗಿನ ಪಕ್ಕದಲ್ಲಿಟ್ಟು ಅವನ ಮುಂದೆ ಹಿಡಿದಳು.

"ಅಯ್ಯೋ, ಗುರುತು ಬೀಳ್ತೈತೆ ಅಂದ್ನಲ್ಲ!"

"ಬೀಳ್ಲಿ. ಅಳಿಸಕ್ಕಾಗ್ಬಾರ್ದು ಅಂತಾನೇ ಇಟ್ಟಿದ್ದು."

ಅವನು ಕಪ್ಪು ಎತ್ತಿದ. ಮೊಗ್ಗಿನ ಪಕ್ಕ ಉಂಗುರದಷ್ಟು ದುಂಡಗೆ ಗುರುತು ಕೂತಿತ್ತು. ಇಬ್ಬರಿಗೂ ನಗು, ಇಬ್ಬರ ಕಣ್ಣಲ್ಲೂ ನೀರು.

ಬೆನ್ನ ಹಿಂದೆ ಬಳೆ ಸದ್ದಾಯಿತು. ನಾನಿ! ಕನ್ನಡಕ ಏರಿಸಿಕೊಂಡು ಅವರು ಟ್ರೇ ನೋಡಿದರು, ಬೆರಳಿಂದ ಆ ಹೊಸ ಮೊಗ್ಗನ್ನು ಮುಟ್ಟಿದರು.

"ಲೇ ಮುಜೀಬ್, ಚಾ ಆರೋಯ್ತದೆ. ಬೇಗ ಕುಡ್ದು, ಹೋಗಿ ನಿಮ್ಮಮ್ಮನ್ನ ಕರ್ಕಂಡು ಬಾ."