ಟವೆಲ್ ಕಾಯ್ದ ಬಂಡಿ

ಎರಡು ಸಾವಿರದ ಅರುವತ್ತರ ಹುಬ್ಬಳ್ಳಿ. ದುರ್ಗದಬೈಲು ಪೇಟೆಯ ನೆತ್ತಿಯ ಮೇಲೆ, ಮೂರಂತಸ್ತಿನ ಎತ್ತರದ ಹಳಿಗಳಲ್ಲಿ, ಬಂಡಿಗಳು ಸದ್ದಿಲ್ಲದೆ ಓಡುತ್ತಿದ್ದವು. ಡ್ರೈವರಿಲ್ಲ, ಕಂಡಕ್ಟರಿಲ್ಲ, ವೇಳಾಪಟ್ಟಿಯೂ ಇಲ್ಲ! ಒಂದು ನಿಂತರೆ ಉಳಿದವು ತಮ್ಮತಮ್ಮಲ್ಲೇ ಸುದ್ದಿ ಮುಟ್ಟಿಸಿಕೊಂಡು ವೇಗ ತಗ್ಗಿಸುತ್ತಿದ್ದವು. ಇವನ್ನು ರೂಪಿಸಿದ ವಿಜ್ಞಾನಿ ಸುಮಿತ್ರಾ ಹೊರಕೇರಿ ಅವಕ್ಕೆ ನಿಯಮ ಬರೆದುಕೊಟ್ಟಿರಲಿಲ್ಲ. ಹಳೆಯ ಸಿಟಿ ಬಸ್ಸುಗಳ ಕ್ಯಾಮೆರಾ ದೃಶ್ಯಗಳನ್ನು ಉಣಿಸಿ, ಜನರನ್ನು ನೋಡಿಯೇ ಕಲಿಯಲಿ ಎಂದು ಬಿಟ್ಟಿದ್ದರು.

ಅಂದು ಅವರೂ ಬಂಡಿಯಲ್ಲಿ ಕೂತಿದ್ದರು. ನಿಲ್ದಾಣವೊಂದರಲ್ಲಿ ಒಬ್ಬ ಮುದುಕಿ ಏದುಸಿರು ಬಿಡುತ್ತ ಒಳನುಗ್ಗಿ, ಉಳಿದಿದ್ದ ಒಂದೇ ಸೀಟಿನ ಮೇಲೆ ಟವೆಲ್ ಹಾಕಿದಳು.

"ನಮ್ಮನಿಯವರು ಬರಾಕತ್ತಾರ್ರಿ. ದಮ್ಮು ಹತ್ತೇತಿ, ನಿಲ್ಲಾಕ ಆಗಂಗಿಲ್ಲ. ದವಾಖಾನಿಗೆ ಮುಟ್ಟಸಬೇಕು," ಎಂದವಳೇ ಗಂಡನನ್ನು ಕರೆತರಲು ಓಡಿದಳು.

ಬಾಗಿಲು ಮುಚ್ಚಲಿಲ್ಲ. ಬಂಡಿ ಅಲುಗಲಿಲ್ಲ.

"ಶುರುವಾಗಿ ವಾರ ಆಗಿಲ್ಲ, ಆಗ್ಲೇ ಕೆಟ್ಟು ಕುಂತೇತಲ್ರೀ ಮೇಡಂ!" ಪ್ರಯಾಣಿಕರೊಬ್ಬರು ಸುಮಿತ್ರಾರನ್ನು ಗುರುತಿಸಿ ಕೂಗಿದರು.

"ಬಟನ್ ಒತ್ರೀ, ಹೊಂಡ್ಲಿ!"

ಸುಮಿತ್ರಾ ಕೈಯಲ್ಲಿದ್ದ ಪರದೆ ನೋಡಿದರು. ಅದರಲ್ಲಿ 'ಒಬ್ಬ ಪ್ರಯಾಣಿಕ ಬರಬೇಕಿದೆ' ಎಂದಿತ್ತು. ಹೊರಡಿಸುವ ಕೆಂಪು ಗುಂಡಿಯ ಮೇಲೆ ಬೆರಳಿಟ್ಟರು.

ಅಷ್ಟರಲ್ಲಿ ಬ್ಯಾಗು ಹೊತ್ತವನೊಬ್ಬ ಆ ಸೀಟಿನಲ್ಲಿ ಕೂರಹೋದ.

"ರೀ ಸರ, ಟವೆಲ್ ಕಾಣಂಗಿಲ್ಲೇನ್ರಿ?" ಇಡೀ ಬಂಡಿಯೇ ಗದರಿತು. ಬಟನ್ ಒತ್ತಿರೆಂದವರ ದನಿಯೇ ಎಲ್ಲರಿಗಿಂತ ಜೋರು!

ಸುಮಿತ್ರಾ ಬೆರಳು ತೆಗೆದರು. ಅಬ್ಬಾ! ಟವೆಲ್ ಬಿದ್ದ ಸೀಟನ್ನು ಯಾರೂ ಮುಟ್ಟದ್ದನ್ನು ಯಂತ್ರ ಎಷ್ಟೋ ಬಸ್ಸುಗಳಲ್ಲಿ ನೋಡಿತ್ತು. ಟವೆಲ್ ಇದ್ದಲ್ಲಿಗೆ ಮನುಷ್ಯ ಬಂದೇ ಬರುತ್ತಾನೆ ಎಂದು ನಂಬಿತ್ತು. ಕಿಟಕಿಯಾಚೆ ನೋಡಿದರೆ, ಪೇಟೆಯ ಮೇಲಿನ ಬಂಡಿಗಳೆಲ್ಲ ಒಂದರ ಹಿಂದೊಂದು ನಿಧಾನವಾಗುತ್ತಿದ್ದವು. ಒಬ್ಬ ಮುದುಕನಿಗಾಗಿ ಊರೇ ಕಾಯುತ್ತಿತ್ತು. ಅವರ ಕಣ್ಣು ತುಂಬಿ ಬಂತು.

ಮುದುಕ ಹೆಂಡತಿಯ ಹೆಗಲು ಹಿಡಿದು ಬಂದು ಕೂತ. ಬಾಗಿಲು ಮುಚ್ಚಿತು, ಬಂಡಿ ಹೊರಟಿತು.

"ನಿನ್ನ ಹೊಟ್ಟಿ ತಣ್ಣಗಿರಲೆವ್ವಾ," ಎಂದು ಮುದುಕಿ ಬಂಡಿಯ ಗೋಡೆ ಸವರಿದಳು. ಕೂರಲು ಅವಳಿಗೆ ಜಾಗವಿರಲಿಲ್ಲ. ಸೀಟು ಕಾದುಕೊಟ್ಟ ಜನರೆಲ್ಲ ಈಗ ತಲೆ ತಗ್ಗಿಸಿ ತಮ್ಮತಮ್ಮ ಫೋನು ನೋಡುತ್ತಿದ್ದರು. ಬಂಡಿಯೂ ತೆಪ್ಪಗಿತ್ತು. ನಿಂತವರನ್ನು ಕಂಡೂ ಕಾಣದಂತಿರುವುದನ್ನೂ ಅದು ಆ ಹಳೆಯ ಬಸ್ಸುಗಳಲ್ಲೇ ಕಲಿತಿತ್ತು. ನಾವು, ನೀವು ಇವತ್ತು ಓಡಾಡುತ್ತಿರುವ ಬಸ್ಸುಗಳಲ್ಲಿ.

ಸುಮಿತ್ರಾ ಎದ್ದು ನಿಂತರು.

"ಬರ್ರಿ ಅವ್ವಾ, ಇಲ್ಲಿ ಕುಂಡರ್ರಿ."

ಬಾಗಿಲ ಮೇಲಿನ ಪುಟ್ಟ ಕ್ಯಾಮೆರಾ ಮೆಲ್ಲಗೆ ಅವರತ್ತ ತಿರುಗಿತು. ಅದು ಇನ್ನೂ ಕಲಿಯುತ್ತಿತ್ತು.