ಕ್ಯಾಸೆಟ್ಟಿನ ಕೊನೆಯ ನಗು

"ಹ್ವಾಯ್, ಬಂಗ್ಡಿಯಾ, ಬೂತಾಯಿಯಾ? ಸುಮ್ನೆ ನಿಂತ್ರೆ ನಾ ಎಂತ ತಿಳ್ಕಂಬುದ್?"

ತಲ್ಲೂರಿನ ಬಸ್‌ಸ್ಟಾಪಿನ ಪಕ್ಕ ಮೀನು ಮಾರುತ್ತಿದ್ದ ವನಜ ತಲೆಯೆತ್ತಿದಳು. ಜಿತೇಂದ್ರ ಕೂಲಿಂಗ್ ಗ್ಲಾಸ್ ತೆಗೆದ.

"ಅಯ್ಯೋ ದೇವ್ರೆ, ನೀವಾ! ಕೂದ್ಲ್ ಬೆಳಿ ಆಯ್ತಲೆ!"

ನಗುವಾಗ ಸೆರಗಿನ ತುದಿ ಬಾಯಿಗೊತ್ತಿಕೊಳ್ಳುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಕೊರಳಲ್ಲಿ ಕರಿಮಣಿ ಇತ್ತು. ಜಿತೇಂದ್ರ ಎರಡನ್ನೂ ಒಟ್ಟಿಗೇ ಕಂಡ.

ಹದಿನೈದು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಜಿತೇಂದ್ರ ಮತ್ತು ಮೂವರು ಗೆಳೆಯರು ಕಟ್ಟಿದ್ದ ಕುಂದಾಪುರದ ರಾಕ್ ಬ್ಯಾಂಡಿಗೆ ಇಂಗ್ಲಿಷ್ ಹಾಡೇ ಹಾಡು. ಪ್ರ್ಯಾಕ್ಟೀಸ್ ನೋಡಲು ಬಂದ ವನಜ, ಜಿತೇಂದ್ರ ಕೇಳಿದನೆಂದು, ಬಲೆ ಎಳೆಯುವವರ ಹಾಡೊಂದನ್ನು ನಾಚುತ್ತ ಹಾಡಿದ್ದಳು. ಉಳಿದವರು ಬಿದ್ದು ಬಿದ್ದು ನಕ್ಕರು. ಗೆಳೆಯರೆದುರು ಮರ್ಯಾದೆ ಹೋದೀತೆಂದು ಅವನೂ ನಕ್ಕ. ಅವಳು ತಲೆ ತಗ್ಗಿಸಿ ಹೊರಟಾಗ ಹಿಂದೆ ಓಡಬೇಕಿತ್ತು. ಓಡಲಿಲ್ಲ, ಪೆದ್ದ! ಮರುವಾರ ಬ್ಯಾಂಡು ಮುಂಬೈಗೆ ಹೊರಟಿತು.

"ಈಗ ಮಾಡುದ್ ನಮ್ಮ್ ಬ್ಯಾಂಡಿನ ಕಡೇ ಆಲ್ಬಮ್, ವನಜಾ. ಹೊಸ್ತ್ ಎಂತಾರೂ ಮಾಡುವ ಅಂದ್ಕಂಡಿತ್. ಗಿಟಾರಿನ ಒಟ್ಟಿಗೆ ನಿನ್ನ ಬಲೆ ಹಾಡ್ ಬೇಕ್."

"ಈಗ ನೆಗಿ ಬತ್ತಿಲ್ಯಾ ನಿಮ್ಗೆ?"

"ತಪ್ಪಾಯ್ತ್, ವನಜಾ."

ಹಾಡು ಬರೀ ನೆಪ. ಇಷ್ಟು ಹೇಳಲಿಕ್ಕೇ ಅವನು ಮುಂಬೈಯಿಂದ ಬಂದದ್ದು.

ಅವಳು ಬುಟ್ಟಿಯ ನೊಣ ಓಡಿಸಿದಳು. "ಮೀನ್ ಮೀನ್ ಅಂತ ಕೂಗಿ ನನ್ ಗಂಟ್ಲ್ ಹೋಯ್ತ್. ನಾಳಿ ಬನ್ನಿ."

ಮರುದಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕ್ಯಾಸೆಟ್ಟೊಂದನ್ನು ಅವನ ಕೈಗಿಟ್ಟಳು. "ಅವತ್ತ್ ನಾ ಹಾಡುವತಿಗೆ ನಿಮ್ಮ್ ಟೇಪ್ ತಿರುಗ್ತಾ ಇದ್ದಿತ್. ಹೋಪತಿಗೆ ಕ್ಯಾಸೆಟ್ ತಕಂಡ್ ಹೋದೆ."

ಜಿತೇಂದ್ರ ಹಳೇ ಮಾರುತಿ ಕಾರಿನ ಟೇಪಿಗೆ ಅದನ್ನು ಹಾಕಿದ. ಕಿಟಕಿಗೆ ಒರಗಿ ಅವಳೂ ಕೇಳಿದಳು. ಎಳೇ ದನಿ, ಹಾಡಿನ ಹೈಸಾ ಕೂಗು, ಆಮೇಲೆ ನಗು. ಎಲ್ಲರಿಗಿಂತ ಜೋರಾಗಿ ಅವನದೇ. ಅವನು ಗಡಬಡಿಸಿ ಬಟನ್ ಒತ್ತಿದ.

"ಈ ನೆಗಿ ಸ್ಟುಡಿಯೋದಗೆ ತೆಗಿತೆ."

"ಬ್ಯಾಡ."

"ಎಂತಕೆ? ಅದ್ರಿಂದ್ಲೇ ಅಲ್ದಾ ನೀನ್ ಹೋದ್ದ್?"

"ಹಾಡ್ ನಂಗೆ ಬಾಯಗೇ ಇತ್. ಅದಕ್ಕೆ ಟೇಪ್ ಬೇಕಾ?" ವನಜ ರಸ್ತೆಯ ಕಡೆ ನೋಡಿದಳು. "ನಿಮ್ಮ್ ನೆಗಿ ಕೇಂಬುಕಂದೇ ಇಟ್ಕಂಡದ್. ಈಗ ತೆಗ್ದ್ರೆ ನಾ ಎಂತ ಕೇಂಬುದ್?"

ಅವನು ಅವಳ ಕೈ ಹಿಡಿಯಲು ಹೋದ. ಆ ಕೈ ಆಗಲೇ ಬುಟ್ಟಿ ಎತ್ತುತ್ತಿತ್ತು.

"ಮಗಳ್ ಶಾಲಿಂದ ಬಪ್ಪ ಹೊತ್ತಾಯ್ತ್. ಬತ್ತೆ."

ಆಲ್ಬಮ್ ಬಂತು. ಗಿಟಾರು ನಿಂತ ಮೇಲೆ ಆ ಹಾಡಿನ ಕೊನೆಗೆ ನಗು ಹಾಗೆಯೇ ಇತ್ತು. ಜಿತೇಂದ್ರ ಮಾತ್ರ ಆ ಹಾಡನ್ನು ಒಮ್ಮೆಯೂ ಕೊನೆತನಕ ಕೇಳಲಿಲ್ಲ.